ಬಿಸಿಯೂ ಒಂದು ಕೈ

೧೧ ಜುಲೈ ೧೯೮೮, ಸೋಮವಾರ, ಸಂಜೆ

ಎರಡು ರೇಡಿಯೊಗಳ ರಿಪೇರಿ ಮುಗಿಯಿತು. ಮೂರನೆಯದಕ್ಕೆ ಸ್ಪೀಕರ್ ಬೇಕು. ಸಾಗರದಿಂದ ಬರಬೇಕು — ಹೊಸನಗರದಲ್ಲಿ ಎಲ್ಲಿ ಸಿಗುತ್ತದೆ?

ಕನ್ನಪ್ಪ ಕಂಬಳಿಯೊಳಗೆ ಏನನ್ನೋ ಅಪ್ಪಿಕೊಂಡು ಬಂದ. ಯಾರದೋ ಮಗು ಎಂದುಕೊಂಡೆ! ನೋಡಿದರೆ ಸೊಸೈಟಿಯ ಎಲೆಕ್ಟ್ರಾನಿಕ್ ತಕ್ಕಡಿಯ ತಲೆ. ತೂಕದ ಅಂಕೆ ತೋರಿಸುವ ಪೆಟ್ಟಿಗೆ. ಗೋಡೌನಿನ ಹೆಂಚು ಹಾರಿ ನೀರು ಸುರಿಯುತ್ತಿದೆಯಂತೆ. ಮೂರು ದಿನ ರಜೆ.

"ಮಾವ, ಅಲ್ಲೇ ಬಿಟ್ರೆ ಹಾಳಾಗ್ತದೆ. ಆದ್ರೆ ಆಚೆ ತರೋ ಹಾಗಿಲ್ಲ. ಯಾರ ಹತ್ರಾನೂ ಹೇಳ್ಬೇಡಿ."

ತಂಗಿಯ ಮಗ, ಅವಳು ತೀರಿಕೊಂಡ ಮೇಲೆ ಈ ಮನೆಯಲ್ಲೇ ಬೆಳೆದವನು. ಸೊಸೈಟಿಯಲ್ಲಿ ತೂಕ ಹಾಕುವ ಕೆಲಸ ಸಿಕ್ಕಿ ಇನ್ನೂ ವರ್ಷವಾಗಿಲ್ಲ; ಮಲಗುವುದು ಅಲ್ಲೇ ಪಕ್ಕದ ಬಾಡಿಗೆ ಕೋಣೆಯಲ್ಲಿ, ಊಟ ಇಲ್ಲಿ. ಪೆಟ್ಟಿಗೆಯನ್ನು ಅತ್ತೆಯ ಕೈಗೆ ಕೊಟ್ಟ. ನನ್ನ ಹೆಂಡತಿ ಜಲಜ ಅದನ್ನು ಸೀದಾ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದಳು. ಒಣಮೀನು, ಹಲಸಿನ ಬೀಜ, ಪಕ್ಕದಲ್ಲಿ ಎಲೆಕ್ಟ್ರಾನಿಕ್ಸ್! ನಗು ಬಂತು.

"ನಗ್ರಿ, ನಗ್ರಿ. ನಿಮ್ಮ ಅಂಗ್ಡಿ ತುಂಬ ಬೂಷ್ಟು ಹಿಡಿದ ರೇಡಿಯೊ. ನನ್ನ ಅಟ್ಟದಲ್ಲಿಟ್ಟಿದ್ದು ಒಂದಾದ್ರೂ ಕೆಟ್ಟಿದ್ಯಾ?"

ಸೋತೆ. ಮಳೆಗಾಲದಲ್ಲಿ ಅವಳ ಒಲೆ ಆರುವುದೇ ಇಲ್ಲ.

೧೪ ಜುಲೈ, ಗುರುವಾರ

ಕನ್ನಪ್ಪ ಊಟಕ್ಕೆ ಬರಲಿಲ್ಲ. ನಾನೇ ಗೋಡೌನಿಗೆ ಹೋದೆ.

ಬೆಳಿಗ್ಗೆ ಅಟ್ಟದಿಂದ ಒಯ್ದ ಪೆಟ್ಟಿಗೆ ಜೋಡಿಸಿ ಸ್ವಿಚ್ ಹಾಕಿದ್ದಾನೆ. ಅಂಕೆಯೇ ಇಲ್ಲ, ಬರೀ ಅಡ್ಡಗೆರೆ. ತಟ್ಟೆಯ ಮೇಲೆ ಮೂಟೆ ಇಟ್ಟರೂ ಅಷ್ಟೆ, ಇಳಿಸಿದರೂ ಅಷ್ಟೆ. ಅಧ್ಯಕ್ಷ ಪುಟ್ಟಪ್ಪನವರು ಎಲ್ಲರೆದುರೇ ಅಂದರು: "ಮೆಣಸು ಕಮ್ಮಿ ತೂಗ್ತದೆ ಅಂತ ಜನ ಆಡ್ಕೊಳ್ತಿದ್ದದ್ದು ಸುಮ್ನೆ ಅಲ್ಲ ಹಾಗಾದ್ರೆ. ಒಳಗೆ ಕೈ ಹಾಕಿದ್ಯೇನೋ?"

ಹುಡುಗ ಮೂಟೆ ಇಳಿಸಿ ಪಕ್ಕಕ್ಕಿಟ್ಟ. ಕಂಪನಿಗೆ ಟೆಲಿಗ್ರಾಂ ಹೋಗಿದೆ.

೧೯ ಜುಲೈ, ಮಂಗಳವಾರ

ಕಂಪನಿಯ ಮೆಕ್ಯಾನಿಕ್ ಬಂದಿದ್ದ. ಶ್ಯಾಮ ಎಂದು ಹೆಸರು, ಸಂಭಾವಿತ. ಅಂಗಡಿಗೆ ಕರೆತಂದು ಚಹಾ ತರಿಸಿದೆ. ಕೇಳಿದ್ದಕ್ಕೆಲ್ಲ ಸಿಗರೇಟು ಪ್ಯಾಕಿನ ಮೇಲೆ ಗೆರೆ ಎಳೆದು ಹೇಳಿದ.

ಒಳಗೊಂದು ಚಿಪ್. ತೂಕದ ಅಳತೆಯೆಲ್ಲ ಅದರ ನೆನಪಿನಲ್ಲಿ. ಗುಂಡಿಯಷ್ಟು ಬ್ಯಾಟರಿ ಅದನ್ನು ಹಗಲೂ ರಾತ್ರಿ ಜೀವದಲ್ಲಿಡುತ್ತದೆ — ಕರೆಂಟು ಇರಲಿ, ಬಿಡಲಿ. ಬ್ಯಾಟರಿಗೂ ಚಿಪ್‌ಗೂ ನಡುವೆ ಒಂದು ಕಾವಲು ಸರ್ಕ್ಯೂಟ್. ಮುಚ್ಚಳದ ಕೆಳಗೆ ಅದರದೊಂದು ಪುಟ್ಟ ಸ್ವಿಚ್. ಮುಚ್ಚಳ ಎತ್ತಿದರೆ ಸ್ವಿಚ್ ಬಿಡುತ್ತದೆ, ಕಾವಲು ಬ್ಯಾಟರಿಯ ದಾರಿ ಕಡಿಯುತ್ತದೆ. ಚಿಪ್ ಎಲ್ಲ ಮರೆಯುತ್ತದೆ. ಕಳ್ಳನ ಕೈಗೆ ಸಿಗುವುದಕ್ಕಿಂತ ಮರೆಯುವುದು ವಾಸಿ ಎಂದು.

"ಮುಚ್ಚಳ ಒಂದೇನಾ?" ಎಂದೆ.

"ಇಲ್ಲ ಯಜಮಾನ್ರೇ, ಶಾಖಾನೂ ನೋಡುತ್ತೆ. ಚಿಪ್ ಮೇಲೆ ರಾಳ ಸುರಿದಿರ್ತೀವಿ. ಕಳ್ಳರು ಕಾಯಿಸಿ ಮೆತ್ತಗೆ ಮಾಡಿ ಕೆರೀತಾರೆ. ಅದಕ್ಕೆ ಬಿಸಿ ತಾಗಿದ್ರೂ ಅಳಿಸಿಬಿಡುತ್ತೆ — ಬಿಸಿಯೂ ಒಂದು ಕೈ ಅಂತಲೇ ಲೆಕ್ಕ."

ಚಹಾದ ಲೋಟ ಕೆಳಗಿಟ್ಟೆ.

"ಯಾವುದರಿಂದ ಅಳಿಸಿಹೋಯ್ತು ಅಂತ ಗೊತ್ತಾಗೋದಿಲ್ವಾ?"

"ಮರೆತಿರೋದು ಅದನ್ನ ಹೇಗೆ ನೆನಪಿಟ್ಕೊಳ್ಳುತ್ತೆ? ಸೀಲು ಸರಿಯಾಗೇ ಇದೆ. ಆದ್ರೆ ಸೀಲು ಬಿಚ್ಚಿ ಮತ್ತೆ ಒತ್ತೋರೂ ಇದ್ದಾರಲ್ಲ…"

ಒಲೆ, ಅಟ್ಟ ಎಂಬ ಮಾತು ನಾಲಿಗೆಯವರೆಗೆ ಬಂತು. ಮೊದಲು ಕನ್ನಪ್ಪನನ್ನು ಕೇಳಬೇಕೆನಿಸಿ ನುಂಗಿದೆ.

೨೦ ಜುಲೈ, ಬುಧವಾರ

ಕನ್ನಪ್ಪನನ್ನು ಅಂಗಡಿಯ ಹಿಂದಕ್ಕೆ ಕರೆದು ಒಲೆಯ ಬಿಸಿಯ ವಿಷಯ ಹೇಳಿದೆ.

"ಬರೋ ವಾರ ಶುಕ್ರವಾರ ಸಾಗರದಲ್ಲಿ ಇದರ ವಿಚಾರಣೆ ಮೀಟಿಂಗು, ಮಾವ. ನಾನೇ ತೆರೆದೆ ಅಂತೀನಿ."

"ಹುಚ್ಚೇನೋ? ಕಳ್ಳ ಅಂತಾರೆ!"

"ಮನೆಗೆ ತಂದೆ ಅಂದ್ರೂ ಕೆಲಸ ಹೋಗ್ತದೆ, ತೆರೆದೆ ಅಂದ್ರೂ ಹೋಗ್ತದೆ. ಅತ್ತೆಗೆ ಗೊತ್ತಾದ್ರೆ… ಆ ಒಲೆ ಮುಂದೆ ಕೂತು ಇನ್ನೊಂದು ಸಲ ಅನ್ನ ಬೇಯ್ಸೋಕಾಗ್ತದಾ ಅವ್ರಿಗೆ?"

"ಕೆಲಸ ಬೇರೆ ಸಿಕ್ಕೀತು. ಹೆಸರು ಸಿಗ್ತದೇನೋ?"

ಅತ್ತೆಗೆ ಹೇಳಬಾರದೆಂದು ನನ್ನ ಕಾಲು ಮುಟ್ಟಿ ಭಾಷೆ ಕೇಳಿದ. ಕೊಡಲಿಲ್ಲ. ಕೊಡುವುದಿಲ್ಲ ಎಂದೂ ಹೇಳಲಿಲ್ಲ.

೨೫ ಜುಲೈ

ತೀರ್ಥಹಳ್ಳಿಗೆ ತಮ್ಮ ವಾಸಪ್ಪನಿಗೆ ಕಾಗದ ಬರೆಯಲು ಕೂತೆ. 'ನಾವೆಲ್ಲ ಕ್ಷೇಮ' — ಅಲ್ಲಿಗೇ ನಿಂತಿತು. ಹರಿದೆ.

ಸಂತೆಯಲ್ಲಿ ಯಾರೋ ಕನ್ನಪ್ಪನಿಗೆ, "ಏನಯ್ಯಾ, ಬೆರಳು ಎಷ್ಟು ಗ್ರಾಂ ತೂಗ್ತದೆ?" ಎಂದರಂತೆ. ಮೂರು ದಿನವಾಯಿತು, ಊಟಕ್ಕೆ ಬಂದಿಲ್ಲ. ಜಲಜ ತಟ್ಟೆ ಹಾಕಿ ಕಾಯುತ್ತಾಳೆ. "ನಾನೇನಾದ್ರೂ ಅಂದ್ನಾ ಅವನಿಗೆ?" — ಇವತ್ತು ಎರಡು ಸಲ ಕೇಳಿದಳು.

೨೯ ಜುಲೈ, ಶುಕ್ರವಾರ, ಬೆಳಿಗ್ಗೆ

ಕನ್ನಪ್ಪ ಮೊದಲ ಬಸ್ಸಿಗೇ ಸಾಗರಕ್ಕೆ ಹೋದನಂತೆ. ಇಲ್ಲಿಗೆ ಬರಲಿಲ್ಲ.

ನಾನು ಅಂಗಿ ಹಾಕಿಕೊಳ್ಳುತ್ತಿದ್ದೆ. ಜಲಜ ಒಳ್ಳೆಯ ಸೀರೆ ಉಟ್ಟು ಬಂದು ಬಾಗಿಲಲ್ಲಿ ನಿಂತಳು. ಊರಿನವರ ಮಾತು, ಮೀಟಿಂಗಿನ ಸುದ್ದಿ ಅವಳ ಕಿವಿಗೂ ಬಿದ್ದಿದೆ.

"ಇವ್ರೇ, ನಾನೂ ಬರ್ತೀನಿ. ನಿಮಗೆ ನಾಲ್ಕು ಜನರ ಮುಂದೆ ಬಾಯಿ ಬರೋದಿಲ್ಲ. ನಾನೇ ಹೇಳ್ತೀನಿ."

"ಏನಂತ?"

"ಇನ್ನೇನು! ಮೂರು ದಿನವೂ ಪೆಟ್ಟಿಗೆ ನನ್ನ ಅಟ್ಟದಲ್ಲೇ ಇತ್ತು, ಹುಡುಗ ಬೆರಳು ಸೋಕ್ಸಿಲ್ಲ, ಥಂಡಿ ತಾಗ್ಬಾರ್ದು ಅಂತ ಒಲೆ ಒಂದು ಗಳಿಗೆ ಆರೋಕೆ ಬಿಡ್ಲಿಲ್ಲ ಅಂತ. ದೇವರ ಆಣೆ ಹಾಕಿ ಹೇಳ್ತೀನಿ. ಆಮೇಲೆ ಯಾರು ಅವನ್ನ ಕಳ್ಳ ಅಂತಾರೋ ನೋಡ್ತೀನಿ."

ಅಂಗಿಯ ಗುಂಡಿ ಹಾಕಿ, ಚೀಲ ತರುತ್ತೇನೆ ಎಂದೆ.

ಶ್ಯಾಮ ಮೀಟಿಂಗಿನಲ್ಲಿರುತ್ತಾನೆ. ಒಲೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಎಲ್ಲ ಬಿಡಿಸಿ ಹೇಳಿಬಿಡುತ್ತಾನೆ. ಹುಡುಗನ ಮೇಲಿನ ಮಾತು ತೊಳೆದು ಹೋಗುತ್ತದೆ. ಇವಳು ಅಲ್ಲೇ, ಅಷ್ಟು ಜನರ ನಡುವೆ, ತನ್ನ ಒಲೆಯೇ ಅಳಿಸಿದ್ದು ಎಂದು ಕೇಳಬೇಕು…

ಹೋಗುವ ಮೊದಲೇ ಹೇಳಿಬಿಡಲೇ? ಕರೆದುಕೊಂಡೇ ಹೋಗದಿರಲೇ?

ಚೀಲ ಹುಡುಕುವ ನೆಪದಲ್ಲಿ ಒಳಗೆ ಬಂದು ಇಷ್ಟು ಗೀಚಿದೆ. ಬಸ್ಸು ತಿರುವಿನಲ್ಲಿ ಹಾರ್ನು ಹಾಕಿತು. ಅಂಗಳದಲ್ಲಿ ಕೊಡೆ ಬಿಚ್ಚಿ ನಿಂತು, "ಬಂದ್ರಾ?" ಎನ್ನುತ್ತಿದ್ದಾಳೆ. ಇನ್ನೊಮ್ಮೆ. ಈಗ ನಾನು ಅವಳಿಗೆ ಹೇಳಲೋ, ಬಿಡಲೋ…