ಬುರುಗು ನನ್ನನ್ನು ಕಂಡರೆ ಯಾಕೆ ನಡುಗುತ್ತಾನೆ

ವಿಜಯವಾಡ
೨೪-೫-೧೯೯೨, ಭಾನುವಾರ ಮಧ್ಯಾಹ್ನ

ಚಿ. ಸೌ. ಶಾರದಾಳಿಗೆ ಅಕ್ಕನ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ ಅಂತ ಬರೆಯುವುದಿಲ್ಲ. ನಿನ್ನ ಕಾಗದ ಗುರುವಾರ ಬಂತು, ಅವತ್ತಿನಿಂದ ನಾನು ಕ್ಷೇಮವಾಗಿಲ್ಲ. ಕೋಪದಲ್ಲಿ ಉತ್ತರ ಬರೆಯಬೇಡ, ಎರಡು ದಿನ ಹೋಗಲಿ ಅಂತ ಇವರು ಹೇಳಿದರು. ಎರಡು ಅಲ್ಲ, ಮೂರು ದಿನ ಕಾದೆ. ಇಳಿಯಬೇಕಾದ ಕೋಪ ಏರುತ್ತಲೇ ಹೋಯಿತು. ಬೆಂಜ್ ಸರ್ಕಲ್ಲಿನ ಲಾರಿಗಳ ಹಾರನ್ನು ಕಿವಿಗೆ ಬೀಳುತ್ತಿದೆ, ಸೆಕೆಗೆ ಕಾಗದ ಕೈಗೆ ಅಂಟುತ್ತಿದೆ, ಆದರೂ ಇವತ್ತು ಬರೆದೇ ಏಳುವುದು ಅಂತ ಕೂತಿದ್ದೇನೆ.

ನೀನು ಬರೆದದ್ದನ್ನು ನಿನಗೇ ಒಪ್ಪಿಸುತ್ತೇನೆ, ಓದಿಕೋ. ಸುಲೋಚನಾಳನ್ನು ನಮ್ಮ ಮನೆಯಲ್ಲಿಟ್ಟು ಇಂಟರ್‌ಮೀಡಿಯಟ್ ಓದಿಸುವ ವಿಚಾರ ಕೈಬಿಟ್ಟಿದ್ದೀರಂತೆ. ಹಾಸ್ಟೆಲಿಗೆ ಹಾಕುತ್ತೀರಂತೆ. ಮೂಕಪ್ರಾಣಿ ಸುಳ್ಳು ಹೇಳುವುದಿಲ್ಲವಂತೆ, ನಾನು ಹೊಡೆದೇ ಇರಬೇಕಂತೆ. ನನ್ನ ಹತ್ತಿರ ಎರಡು ತಿಂಗಳು ಬಿಟ್ಟ ನಾಯಿಯೇ ಹೀಗಾದ ಮೇಲೆ, ಎರಡು ವರ್ಷ ಮಗಳನ್ನು ಬಿಡಲು ನಿನಗೆ ಧೈರ್ಯವಿಲ್ಲವಂತೆ. ಕೊನೆಗೆ ಒಂದು ಸಾಲು, 'ಕೆಲವು ವಿಷಯ ಹೆತ್ತವರಿಗೇ ಗೊತ್ತಾಗುವುದು ಅಕ್ಕ.' ಆ ಸಾಲನ್ನು ಬರೆಯುವಾಗ ನಿನ್ನ ಕೈ ಒಂದು ಗಳಿಗೆಯಾದರೂ ನಿಲ್ಲಲಿಲ್ಲವೇ? ಅಕ್ಷರ ನೋಡಿದರೆ ನಿಂತ ಹಾಗೆ ಕಾಣುವುದಿಲ್ಲ. ಬಹಳ ದುಂಡಗೆ ಬರೆದಿದ್ದೀಯ.

ಈ ತಿಂಗಳ ಮೂರನೇ ತಾರೀಕು ನಿಮ್ಮ ವಿಶಾಖಪಟ್ಟಣದ ಕ್ವಾರ್ಟರ್ಸಿನಲ್ಲಿ ಸತ್ಯನಾರಾಯಣ ಪೂಜೆ. ನಾನು ಬೆಳಗಿನ ರೈಲಿಗೆ ಬಂದು ಇಳಿದೆ. ನೇವಿಯವರ ಹೆಂಗಸರೆಲ್ಲ ಸೇರಿದ್ದರು. ಪೋಸ್ಟ್‌ಮನ್ ಬಂದರೂ ಗ್ಯಾಸಿನವನು ಬಂದರೂ ಕಾಲಿಗೆ ಸುತ್ತಿಕೊಂಡು ಕುಣಿಯುವ ನಿನ್ನ ಬುರುಗು, ನಾನು ಹೊಸಿಲು ದಾಟಿದ್ದೇ ತಡ, ಬಾಲ ಒಳಕ್ಕೆಳೆದುಕೊಂಡು, ಚಾಪೆಯ ಮೇಲೆ ಒಂದಕ್ಕೆ ಮಾಡಿಕೊಂಡು, ಬೀರುವಿನ ಹಿಂದೆ ಹೋಗಿ ಸೇರಿಕೊಂಡ. ಪ್ರಸಾದ ಹಂಚುವವರೆಗೂ ಹೊರಗೆ ಬರಲಿಲ್ಲ. ನಿನ್ನ ಪಕ್ಕದ ಮನೆಯ ಹೈಮಾವತಿ ಗಲ್ಲದ ಮೇಲೆ ಕೈಯಿಟ್ಟುಕೊಂಡು, 'ಅಮ್ಮೋ, ದೀನ್ನಿ ಏಂ ಚೇಶಾರಂಡೀ ಮೀರು' ಅಂದಳು. ಏನು ಮಾಡಿಬಿಟ್ಟಿರಿ ಇದನ್ನ ಅಂತ, ಅಷ್ಟು ಜನರೆದುರು. ನಿಮ್ಮತ್ತೆ ಪುಟ್ಟಮ್ಮನವರು ಮಂಟಪದ ಪಕ್ಕದಲ್ಲೇ ಕೂತು, ಅದಕ್ಕೆಲ್ಲ ಗೊತ್ತಾಗುತ್ತೆ ಕಣ್ರೀ ಅಂದರು. ನಾನು ನಿನ್ನ ಮುಖ ನೋಡಿದೆ. ನಮ್ಮಕ್ಕ ಅಂಥವಳಲ್ಲ ಅಂತ ಒಂದು ಮಾತು ಬರುತ್ತದೆ ಅಂದುಕೊಂಡೆ. ನೀನು ನೆಲ ಒರೆಸುವ ಬಟ್ಟೆ ತರಲು ಒಳಗೆ ಹೋದೆ.

ಅವತ್ತು ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಹೋದ ವರ್ಷವೂ ಬಿಡಲಿಲ್ಲ. ಆದರೆ ನಿನ್ನ ಕಾಗದ ಬಂದ ಮೇಲೆ ಇನ್ನು ಮುಚ್ಚಿಟ್ಟುಕೊಳ್ಳಲು ನನಗೇನು ಗತಿಗೆಟ್ಟಿದೆಯೇ?

ಹೋದ ವರ್ಷ ಏಪ್ರಿಲ್. ಹದಿನಾಲ್ಕು ವರ್ಷದ ಮೇಲೆ ನಿಂತ ಬಸಿರು ಐದನೇ ತಿಂಗಳಲ್ಲಿ ಹೋಯಿತು ನಿನಗೆ. ಗಂಡ ಹತ್ತಿರವಿರಲಿಲ್ಲ; ದಿನಕರ ಹಡಗಿನಲ್ಲಿದ್ದ, ಸುದ್ದಿ ಮುಟ್ಟಿಸುವುದೇ ಕಷ್ಟವಾಗಿತ್ತು. ನಾನು ಓಡಿ ಬಂದೆ. ಹನ್ನೆರಡು ದಿನ ನಿನ್ನ ಮಂಚದ ಪಕ್ಕ ಚಾಪೆ ಹಾಕಿಕೊಂಡು ಮಲಗಿದೆ. ನೀನು ಗೋಡೆ ನೋಡಿಕೊಂಡು ಒಂದೇ ಮಾತು ಹೇಳುತ್ತಿದ್ದೆ, ನಾನೇ ಏನೋ ತಪ್ಪು ಮಾಡಿದೆ ಅಕ್ಕ, ನಾನೇ ಏನೋ ಮಾಡಿದೆ ಅಂತ. ನೀರಿನ ಕೊಡ ಎತ್ತಿದ್ದು ತಪ್ಪು, ಬೀಚಿಗೆ ನಡೆದದ್ದು ತಪ್ಪು. ನೀನೂ ಸುಲುವೂ ತಿಪಟೂರಿಗೆ ಅಮ್ಮನ ಹತ್ತಿರ ಸುಧಾರಿಸಿಕೊಳ್ಳಲು ಹೋಗುವುದಾಯಿತು. ಅಷ್ಟು ದೂರಕ್ಕೆ ಬುರುಗುವನ್ನು ಕರೆದೊಯ್ಯುವುದು ಹೇಗೆ? ನಾನೇ ಅವನನ್ನು ಬಿದಿರಿನ ಬುಟ್ಟಿಯಲ್ಲಿ ಕೂರಿಸಿ ವಿಜಯವಾಡಕ್ಕೆ ತಂದೆ. ದಾರಿಯುದ್ದಕ್ಕೂ ನನ್ನ ಕೈ ನೆಕ್ಕುತ್ತಾ ಬಂದ. ಮೊದಲ ಎರಡು ರಾತ್ರಿ ನನ್ನ ಪಾದದ ಮೇಲೆ ತಲೆಯಿಟ್ಟೇ ಮಲಗಿದ. ಇದನ್ನು ನೆನಪಿನಲ್ಲಿಟ್ಟುಕೋ. ನನ್ನ ಮನೆಗೆ ಬಂದಾಗ ಅವನಿಗೆ ನನ್ನ ಭಯವಿರಲಿಲ್ಲ.

ಅವನ ಮೈಯಿಂದ ಒಂದು ವಾಸನೆ ಬರುತ್ತಿತ್ತು. ನಿನ್ನ ಮನೆಯಲ್ಲೇ ಕೇಳಿದ್ದೆ. ನಾಯಿ ಅಂದಮೇಲೆ ನಾಯಿ ವಾಸನೆ ಬರಲ್ಲವಾ ಅಕ್ಕ ಅಂದಿದ್ದೆ ನೀನು, ಪೌಡರು ಹಾಕುತ್ತಿದ್ದೆ. ಬೆಲ್ಟ್ ಹಾಕಲು ಹೋದರೆ ಕಿರುಚುತ್ತಾನೆ ಅಂತ ಬೆಲ್ಟನ್ನೇ ಬಿಟ್ಟುಬಿಟ್ಟಿದ್ದಿರಿ. ಮೂರನೇ ದಿನ ಸ್ನಾನ ಮಾಡಿಸೋಣ ಅಂತ ಕತ್ತಿನ ಕೂದಲು ಸರಿಸಿದೆ. ಅಲ್ಲಿ ಹುಳ ಆಡುತ್ತಿತ್ತು ಶಾರದಾ. ಕೈಯಲ್ಲಿದ್ದ ಚೊಂಬು ಕೆಳಗೆ ಬಿತ್ತು.

ಆಟೋ ಹಿಡಿದು ಪಶುವೈದ್ಯರ ಹತ್ತಿರ ಓಡಿದೆ. ಈಶ್ವರಯ್ಯ ಅಂತ, ವಯಸ್ಸಾದವರು, ಮೂಗಿನ ತುದಿಯಲ್ಲಿ ಕನ್ನಡಕ. ಕತ್ತಿನ ಸುತ್ತ ಕೂದಲು ಬೋಳಿಸಿದರು. ಮಾಂಸದೊಳಗೆ ಅರ್ಧ ಬೆರಳಿನಷ್ಟು ಆಳಕ್ಕೆ ಒಂದು ಕಪ್ಪು ದಾರ ಇಳಿದಿತ್ತು. ನೈಲಾನ್ ದಾರ. ಅದನ್ನು ಕತ್ತರಿಸಿ ಎಳೆದಾಗ ಕೊನೆಗೆ ಸಣ್ಣದೊಂದು ತಗಡಿನ ತಾಯಿತವೂ ಬಂತು. ಏಳು ಗಂಟು.

ಗೊತ್ತಾಯಿತೇ ಯಾವುದು ಅಂತ? ಜನವರಿಯಲ್ಲಿ ನೀನೇ ನನಗೆ ಬರೆದಿದ್ದೆ. ಎರಡು ತಿಂಗಳ ಮರಿ, ಬಂದವರೆಲ್ಲ ಬೆಳ್ಳಗಿದ್ದಾನೆ, ಬುರುಗಿನ ಮುದ್ದೆ ಹಾಗಿದ್ದಾನೆ ಅಂತ ಎತ್ತಿ ಮುದ್ದಾಡಿದರು, ಮಾರನೆಯ ದಿನ ವಾಂತಿ ಮಾಡಿಕೊಂಡ, ಕಣ್ಣಾಸರೆ ಆಗಿದೆ, ದೃಷ್ಟಿ ತಾಗಿದೆ ಅಂತ ಅತ್ತೆ ಊರಿಂದ ಮಂತ್ರಿಸಿದ ತಾಯಿತ ಕಳಿಸಿದ್ದಾರೆ ಅಂತ. ಹತ್ತಿಯ ದಾರವಾದರೆ ಕಡಿದುಹಾಕುತ್ತಾನೆ ಅಂತ ನೈಲಾನಿಗೆ ಪೋಣಿಸಿ ಕಟ್ಟಿದೆ, ಬಿಚ್ಚಬಾರದಂತೆ, ಅದಕ್ಕೆ ಏಳು ಗಂಟು ಹಾಕಿದೆ ಅಂತ. ಎಷ್ಟು ಸಂತೋಷದಿಂದ ಬರೆದಿದ್ದೆ! ಮರಿ ಬೆಳೆಯಿತು, ದಾರ ಬೆಳೆಯಲಿಲ್ಲ. ಮೇಲೆ ಪೊಮೆರೇನಿಯನ್ ಕೂದಲು ದಟ್ಟವಾಗಿ ಮುಚ್ಚಿಕೊಂಡಿತು. ನೀನೂ ಬಸುರಿ, ವಾಂತಿ, ಸಂಕಟ; ಬಗ್ಗಿ ನೋಡುವ ಸ್ಥಿತಿಯಲ್ಲಿರಲಿಲ್ಲ, ಅದು ನನಗೂ ಗೊತ್ತು. ಆದರೆ ಕಟ್ಟಿದ್ದು ನಿನ್ನ ಕೈ. ಇದನ್ನು ಬರೆಯಿಸಿದ್ದು ನಿನ್ನ ಕಾಗದ.

ಈಶ್ವರಯ್ಯನವರು ಹೇಳಿದ್ದು ಹೀಗೆ. ನಲವತ್ತು ದಿನ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಬಿಸಿನೀರಿನಲ್ಲಿ ತೊಳೆದು, ಸತ್ತ ಮಾಂಸ ತೆಗೆದು, ಹುಳವಿದ್ದರೆ ಚಿಮಟದಲ್ಲಿ ಹೆಕ್ಕಿ, ಔಷಧಿ ತುಂಬಬೇಕು. ಅವನಿಗೆ ಪ್ರಾಣ ಹೋಗುವಷ್ಟು ನೋವಾಗುತ್ತದೆ. ಯಾಕೆ ನೋಯಿಸುತ್ತಿದ್ದಾರೆ ಅಂತ ನಾಯಿಗೆ ತಿಳಿಯುವುದಿಲ್ಲ, ಯಾರು ನೋಯಿಸುತ್ತಾರೆ ಅನ್ನುವುದು ಮಾತ್ರ ತಿಳಿಯುತ್ತದೆ. ಮನೆಯವರೆಲ್ಲ ಸೇರಿ ಹಿಡಿದರೆ ಮನುಷ್ಯರನ್ನು ಕಂಡರೇ ಹೆದರುತ್ತಾನೆ, ಹೆದರಿದ ನಾಯಿ ಆಮೇಲೆ ಕಚ್ಚುವುದಕ್ಕೆ ಶುರುಮಾಡುತ್ತದೆ, ತಂಗಿಯ ಮನೆಯಲ್ಲಿ ಹೆಣ್ಣುಮಗುವಿದೆ ಅನ್ನುತ್ತೀರಿ. ಅದಕ್ಕೇ 'ಒಕ್ಕರೇ ಚೆಯ್ಯಂಡಮ್ಮಾ' ಅಂದರು. ಒಬ್ಬರೇ ಮಾಡಿ. ಊಟ, ಆಟ, ತಿರುಗಾಟ ಎಲ್ಲ ಇನ್ನೊಬ್ಬರು ನೋಡಿಕೊಳ್ಳಲಿ. ಆ ಒಬ್ಬರನ್ನು ಅವನು ಬಹುಶಃ ಮತ್ತೆ ಹತ್ತಿರ ಸೇರಿಸುವುದಿಲ್ಲ, ಮಿಕ್ಕವರ ಜೊತೆ ಚೆನ್ನಾಗಿರುತ್ತಾನೆ.

ಆ ಒಬ್ಬರು ಯಾರಾಗಬೇಕಿತ್ತು ಹೇಳು? ನಿಮ್ಮ ಭಾವನಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ಬ್ಯಾಂಕಿನಲ್ಲಿ ಒಂದು ಪಿನ್ನು ಚುಚ್ಚಿದರೆ ಮನೆಗೆ ಬಂದು ಬೆರಳು ತೋರಿಸುವ ಗಂಡಸು. ಅವರು ಮೊಸರನ್ನ ಕಲಸಿಕೊಟ್ಟರು, ಸಂಜೆ ಸುತ್ತಾಡಿಸಿದರು. ಹಳೆಯ ಸೀರೆಯ ಅಂಚು ಹರಿದು ಬಾಯಿ ಕಟ್ಟಿ, ಟವೆಲಿನಲ್ಲಿ ಸುತ್ತಿ, ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದು, ಆ ಗಾಯದೊಳಗೆ ಚಿಮಟ ಇಳಿಸಿದವಳು ನಾನು. ನಲವತ್ತು ದಿನ. ಮೊದಲ ವಾರ ಮುಗಿಯುವಷ್ಟರಲ್ಲಿ ನನ್ನ ಬಳೆ ಸದ್ದು ಕೇಳಿದರೆ ಮಂಚದ ಕೆಳಗೆ ನುಗ್ಗುತ್ತಿದ್ದ. ನನ್ನ ಮನೆಯಲ್ಲಿ ನಾನು ಬಳೆಗಳನ್ನು ಮೊಣಕೈಗೆ ಒತ್ತಿಕೊಂಡು ಕಳ್ಳಿಯ ಹಾಗೆ ಓಡಾಡುತ್ತಿದ್ದೆ. ಅವನು ಇವರ ತೊಡೆಯ ಮೇಲೆ ಮಲಗಿರುವುದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬಿಸ್ಕತ್ತು ಹಿಡಿದುಕೊಂಡು ಹೋಗಿ ಕರೆಯಬೇಕು ಅನ್ನಿಸುತ್ತಿತ್ತು. ಕರೆದರೂ ಬರುತ್ತಿರಲಿಲ್ಲ.

ಹೊಡೆದೆನಂತೆ! ಒಂದೇ ಒಂದು ಏಟು ಹಾಕಿದ್ದರೆ ಕೇಳು.

ಜೂನಿನಲ್ಲಿ ನೀನು ವಾಪಸು ಬಂದಾಗ ನಾಯಿಯನ್ನು ಇವರ ಕೈಯಲ್ಲಿ ಕಳಿಸಿದೆ. ಅಕ್ಕ ಯಾಕೆ ಬರಲಿಲ್ಲ ಅಂತ ನೀನು ಮುನಿಸಿಕೊಂಡೆ. ನಾನು ಬಂದಿದ್ದರೆ ಅವನು ನಡುಗುವುದನ್ನು ನೀನು ನೋಡುತ್ತಿದ್ದೆ, ಯಾಕೆ ಅಂತ ಕೇಳುತ್ತಿದ್ದೆ. ಕೂದಲು ಯಾಕೆ ಬೋಳಿಸಿದಿರಿ ಅಂತ ಸಿಟ್ಟಾದೆ, ಉಣ್ಣೆ ಹುಳ ಹತ್ತಿತ್ತು ಅಂತ ಇವರು ಸುಳ್ಳು ಹೇಳಿದರು. ಹೇಳಿಸಿದವಳು ನಾನು. ಒಂದು ಮಗು ಹೋಗಿ, ನಾನೇ ಏನೋ ಮಾಡಿದೆ ಅಂತ ಗೋಡೆ ನೋಡುತ್ತಿದ್ದವಳಿಗೆ, ನೀನು ದೃಷ್ಟಿ ತೆಗೆಯಲು ಕಟ್ಟಿದ್ದೇ ಈ ಜೀವದ ಕತ್ತು ಕೊಯ್ಯುತ್ತಿತ್ತು ಅಂತ ಹೇಗೆ ಹೇಳಲಿ? ನಿನ್ನ ಸೊಂಟದಲ್ಲೂ ಅದೇ ಅತ್ತೆ ಕಳಿಸಿದ ಇನ್ನೊಂದು ದಾರವಿತ್ತು. ನೀನು ಏನೇನು ಕೂಡಿಸಿಕೊಳ್ಳುತ್ತಿದ್ದೆಯೋ ಅಂತ ನನಗೆ ಹೆದರಿಕೆಯಾಯಿತು. ನಾಯಿ ನನ್ನನ್ನು ದೂರ ಮಾಡಿದರೆ ಮಾಡಲಿ, ತಂಗಿ ಉಳಿಯಲಿ ಅಂದುಕೊಂಡೆ. ನೋಡು, ಈಗ ಇಬ್ಬರೂ ಸೇರಿಯೇ ದೂರ ಮಾಡಿದಿರಿ.

ನಂಬದಿದ್ದರೆ ಬುರುಗುವಿನ ಕತ್ತಿನ ಕೂದಲು ಬಿಡಿಸಿ ನೋಡು. ಸುತ್ತಲೂ ಒಂದು ಗೆರೆ ಇದೆ, ಅಲ್ಲಿ ಇನ್ನೆಂದೂ ಕೂದಲು ಹುಟ್ಟುವುದಿಲ್ಲ. ಒಂದು ವರ್ಷದಿಂದ ದಿನಾ ಮುದ್ದಾಡುತ್ತಿದ್ದೀಯ, ಒಂದು ದಿನವೂ ಬೆರಳಿಗೆ ಹತ್ತಲಿಲ್ಲವೇ? ಹೆತ್ತವರಿಗೆ ಎಲ್ಲ ಗೊತ್ತಾಗುತ್ತದೆ ಅಂದೆಯಲ್ಲ.

ಸುಲುಗಾಗಿ ಹಿಂದಿನ ಕೋಣೆ ಖಾಲಿ ಮಾಡಿದ್ದೇನೆ. ಕಿಟಕಿಯ ಪಕ್ಕ ಮೇಜು ಹಾಕಿಸಿದ್ದೇನೆ, ಇವರ ಸಹೋದ್ಯೋಗಿ ದುರ್ಗಾಪ್ರಸಾದ್ ಅವರ ಮಗಳು ಓದಿದ ಪುಸ್ತಕಗಳನ್ನೆಲ್ಲ ತಂದಿಟ್ಟಿದ್ದೇನೆ. ಕಾಲೇಜಿನಿಂದ ಫಾರಂ ತಂದು ಹದಿನೈದು ದಿನವಾಯಿತು. ಆ ಹುಡುಗಿ ಮೊನ್ನೆ ಪೂಜೆಯ ದಿನ ಎಲೆ ಎತ್ತುವಾಗ, ದೊಡ್ಡಮ್ಮಾ ನಾನು ಯಾವಾಗ ಬರಲಿ ಅಂತ ನನ್ನ ಕಿವಿಯಲ್ಲಿ ಕೇಳಿದ್ದಳು. ನನಗೆ ಅವಳು ಬೇಕು ಕಣೇ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಎರಡು ವರ್ಷ ಒಂದು ಹುಡುಗಿ ನನ್ನ ಮನೆಯಲ್ಲಿ ಜಡೆ ಹಾಕಿಸಿಕೊಂಡು ಕಾಲೇಜಿಗೆ ಹೋಗುತ್ತಾಳೆ ಅಂತ ನಾನು ಆರು ತಿಂಗಳಿಂದ ಕಾಯುತ್ತಿದ್ದೇನೆ. ಅದನ್ನು ನೀನು ಒಂದು ಇನ್‌ಲ್ಯಾಂಡ್ ಪತ್ರದಲ್ಲಿ ಕಿತ್ತುಕೊಂಡೆ. ನನಗೆ ಬಂದಿರುವ ಸಿಟ್ಟಿಗೆ ನೀನು ಎದುರಿಗಿದ್ದಿದ್ದರೆ ಏನಾಗುತ್ತಿತ್ತೋ.

ಫಾರಂ ಕೊಡಲು ಜೂನ್ ಹತ್ತು ಕೊನೆ. ದಿನಕರನಿಗೂ ಈ ಕಾಗದ ತೋರಿಸು. ನಿಮ್ಮತ್ತೆಗೆ ತೋರಿಸುವುದು ಬಿಡುವುದು ನಿನ್ನಿಷ್ಟ. ಹೈಮಾವತಿಗೆ ಮಾತ್ರ ತೆಲುಗಿನಲ್ಲಿ ಓದಿ ಹೇಳು.

ನಿನ್ನ ಅಕ್ಕ,
ಕಮಲಾಕ್ಷಿ

ಮತ್ತೆ ಬರೆದದ್ದು, ಸಂಜೆ:

ಲಕೋಟೆ ಅಂಟಿಸಿ, ತಿರುಗಿ ಬಿಡಿಸಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಒಂದು ಏಟು ಹಾಕಿದ್ದೇನೆ ಶಾರದಾ. ಇಪ್ಪತ್ತೆರಡನೆಯ ದಿನ. ಅವತ್ತು ಬೆಳಿಗ್ಗೆ ತಿಪಟೂರಿನಿಂದ ನಿನ್ನ ಕಾಗದ ಬಂದಿತ್ತು, 'ನಿನಗೇನಕ್ಕ, ಹಿಂದಿಲ್ಲ ಮುಂದಿಲ್ಲ, ಕಳೆದುಕೊಳ್ಳುವ ಭಯವೇ ಇಲ್ಲ' ಅಂತ ಬರೆದಿದ್ದೆ. ಸಂಜೆ ಔಷಧಿ ಹಾಕುವಾಗ ಅವನು ಕೊಸರಿದ. ಬಾಯಿ ಕಟ್ಟಿದ್ದ ಪ್ರಾಣಿಗೆ, ಕೈ ಎತ್ತಿ ಬಾರಿಸಿದೆ. ಗಾಯದ ಮೇಲೇ ಬಿತ್ತು. ಅವನು ಕೂಗಲಿಲ್ಲ, ಕೊಸರುವುದನ್ನು ನಿಲ್ಲಿಸಿದ, ಅಷ್ಟೇ. ಆ ಏಟು ಅವನಿಗಲ್ಲ, ನಿನಗೆ. ಅವನು ನನಗೆ ಹೆದರುವುದು ಆ ನಲವತ್ತು ದಿನಕ್ಕೋ, ಆ ಒಂದು ಏಟಿಗೋ, ನನಗೆ ತಿಳಿಯದು. ಈಶ್ವರಯ್ಯನವರಿಗೂ ನಾನು ಅದನ್ನು ಹೇಳಲಿಲ್ಲ. ಇವರಿಗೂ ಗೊತ್ತಿಲ್ಲ. ಇದನ್ನು ಓದಿದ ಮೇಲೂ ಕಳಿಸಬಹುದು ಅನ್ನಿಸಿದರೆ, ಸುಲುವನ್ನು ಕಳಿಸು.