ಮಾರಮ್ಮನ ಎಡಗೈ

ಫೆಬ್ರವರಿ ೧೨, ಪಾಂಡವಪುರ

...‘ಆ ಮುದ್ದೆ ಶಾಟ್ ಮಾತ್ರ ಕತ್ತರಿಸಬೇಡಿ ಸಾರ್’ ಎಂದಿದ್ದ ಕಲೀಂ. ಕಾರಣ ಹೇಳಿದ್ದನೋ ಇಲ್ಲವೋ, ನೆನಪಿಲ್ಲ. ಎರಡು ವರ್ಷ ನನ್ನ ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಹಿಡಿದವನು ಅವನು. ಕಲ್ಲು ಕ್ವಾರಿಯ ವಿರುದ್ಧ ಹೋರಾಡುವ ಊರಿನ ಚಿತ್ರದಲ್ಲಿ ಮುದ್ದೆ ಕಟ್ಟುವ ಹೆಂಗಸು ಯಾಕೆ ಎಂದು ನಾನೇ ಗೊಣಗಿದ್ದೆ.

ಇವತ್ತು ಬೆಳಿಗ್ಗೆ ಅಧಿಕಾರಿಗಳ ಸಭೆ. ಬಂಡೆ ಸಿಡಿಸುವ ಬ್ಲಾಸ್ಟಿಂಗ್‌ನ ಅದುರು ಮನೆಗಳಿಗೆ ತಟ್ಟುವುದೇ ಇಲ್ಲ ಎಂದು ಕ್ವಾರಿಯ ಮ್ಯಾನೇಜರು ವಾದಿಸಿದರು. ಊರಿನ ಹೋರಾಟ ಸಂಘದ ಚಿಕ್ಕಮಾದಯ್ಯ ಭಾಷಣ ಮಾಡಲಿಲ್ಲ. ನನ್ನತ್ತ ತಿರುಗಿ, ‘ಆ ಮುದ್ದೆ ಪಿಚ್ಚರ್ ಆಕಿ ಸಾ’ ಎಂದರು.

ಗೋಡೆಯ ಮೇಲೆ ಮೂಡಿದ ಚಿತ್ರದಲ್ಲಿ ಮಾರಮ್ಮ ಮುದ್ದೆ ಕಟ್ಟುತ್ತಿದ್ದರು. ಇದ್ದಕ್ಕಿದ್ದಂತೆ ಹಿಟ್ಟು ಮೆತ್ತಿದ ಎಡಗೈ ಪಕ್ಕದ ಗೂಡಿನ ಚೊಂಬನ್ನು ಒತ್ತಿ ಹಿಡಿಯಿತು. ಆಮೇಲೆ ಸ್ಫೋಟದ ಸದ್ದು. ಉಳಿದ ಪಾತ್ರೆಗಳೆಲ್ಲ ನಡುಗಿ ಒಂದು ತಟ್ಟೆ ಬಿತ್ತು. ಅಧಿಕಾರಿ ಇನ್ನೊಮ್ಮೆ ಹಾಕಿಸಿದರು. ಮೊದಲು ಕೈ, ಆಮೇಲೆ ಸದ್ದು.

‘ಮುಂಚೆಯೇ ಹೇಗಮ್ಮ ಗೊತ್ತಾಯಿತು?’ ಸಭೆಯಲ್ಲೇ ಕೂತಿದ್ದ ಮಾರಮ್ಮನನ್ನು ಅಧಿಕಾರಿ ಕೇಳಿದರು.

‘ಆರ್ ವರ್ಸದಿಂದ ದಿನಾ ಸಂಜೆ ಐದಕ್ಕೆ ಇಡ್ಕತಾವ್ನಿ ಸಾಮಿ. ನಾನ್ ಮರೆತ್ರೂ ಕೈ ಮರೆಯಾಕಿಲ್ಲ.’

ಮಧ್ಯಾಹ್ನದೊಳಗೆ ಬ್ಲಾಸ್ಟಿಂಗ್ ನಿಲ್ಲಿಸುವ ಆದೇಶಕ್ಕೆ ಸಹಿ ಬಿತ್ತು. ಚಿಕ್ಕಮಾದಯ್ಯ ನನ್ನ ಬೆನ್ನಿಗೆ ಗುದ್ದಿ, ‘ಗೆದ್ಬುಟ್ವು ಕಣ್ಲಾ!’ ಎಂದು ಕೂಗಿದರು. ನನ್ನನ್ನು ಯಾರಾದರೂ ಸಲಿಗೆಯಿಂದ ‘ಲಾ’ ಎಂದು ಕರೆದು ಎಷ್ಟು ವರ್ಷವಾಗಿತ್ತೋ. ಬೆನ್ನು ಇನ್ನೂ ಹಿತವಾಗಿ ನೋಯುತ್ತಿದೆ.

ಸಂಜೆ ಐದಕ್ಕೆ ಮಾರಮ್ಮನ ಅಡುಗೆಮನೆಯಲ್ಲಿದ್ದೆ. ಎಡಗೈ ತಾನಾಗಿಯೇ ಹೋಗಿ ಚೊಂಬನ್ನು ಹಿಡಿದು ಕಾಯಿತು. ಸದ್ದು ಬರಲಿಲ್ಲ. ಅವರು ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿ, ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಕ್ಯಾಮೆರಾದ ನೆನಪೇ ಆಗಲಿಲ್ಲ.

ಕಲೀಂ, ತಂಗಿಯ ಮದುವೆಗೆಂದು ಬೆಳ್ಳೂರಿಗೆ ಹೋಗದೆ ನೀನು ಅಲ್ಲಿ ನಿಂತಿದ್ದರೆ, ಕ್ಯಾಮೆರಾ ಎತ್ತುತ್ತಿದ್ದೆಯೋ, ನಮ್ಮ ಜೊತೆ ನಗುತ್ತಿದ್ದೆಯೋ?