ಬಾಗಿಲ ಬಳಿಯ ಸಾಲು

ಮಂಗಳವಾರ, ಊಟದ ಬಿಡುವಿನಲ್ಲಿ

ಪುಟ್ಟಿ, ನನ್ನ ಬಂಗಾರ,

ಹೇಗಿದ್ದೀಯ? ಹೊಲಿಗೆಯ ನೋವು ಇಳಿಯಿತೇ? ಜ್ವರ ಬಿಟ್ಟಿತೇ? ಕೂಸು ಬಾಯಲ್ಲಿ ಹಾಲು ಕುಡಿಯಿತೇ, ಇಲ್ಲ ಇನ್ನೂ ಮೂಗಿನ ಕೊಳವೆಯಲ್ಲೇ ಬಿಡುತ್ತಿದ್ದಾರೆಯೇ? ಒಂದೊಂದಾಗಿ ಕೇಳಬೇಕೆಂದುಕೊಂಡಿದ್ದೆ, ಎಲ್ಲ ಒಟ್ಟಿಗೇ ನುಗ್ಗಿಬಿಟ್ಟವು. ನೀನು ಕರೆದು ಇಷ್ಟು ದಿನವಾದರೂ ನಾನು ಬರಲಿಲ್ಲ, ಒಂದು ಮಾತೂ ತಿಳಿಸಲಿಲ್ಲ. ಬೇಜಾರು ಮಾಡಿಕೊಳ್ಳಬೇಡ ಎನ್ನಲು ನನಗೆ ಮುಖವಿಲ್ಲ. ಫೋನು ಮಾಡಿದರೆ ನಿನ್ನ ದನಿ ಕೇಳಿದ ಕೂಡಲೇ ಎಲ್ಲದಕ್ಕೂ ಹೂಂ ಎಂದುಬಿಡುತ್ತೇನೆ, ಆಮೇಲೆ ಕಾಲೇ ಏಳುವುದಿಲ್ಲ. ಅದಕ್ಕೇ ಈ ಕಾಗದ. ನಾಲ್ಕನೇ ತರಗತಿಗೇ ನಿಂತುಹೋದ ಅಕ್ಷರ; ಒತ್ತು, ದೀರ್ಘ ನೀನೇ ಸರಿಮಾಡಿಕೊಂಡು ಓದು.

ಕರೆದದ್ದು ಏತಕ್ಕೆಂದು ಮರೆತಿಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು. ಗಾಜಿನ ಪೆಟ್ಟಿಗೆಯಿಂದ ದಿನವೂ ಹೊರಗೆ ತೆಗೆದು, ಯಾರಾದರೂ ಬರಿ ಎದೆಗೆ ಒತ್ತಿಕೊಂಡು ಕೂರಬೇಕು, ಆಗಲೇ ಮೈ ಹತ್ತುವುದು ಎಂದಿದ್ದಾರೆ ನಿಮ್ಮ ಡಾಕ್ಟರು. ನಿನಗೆ ಹೊಲಿಗೆ ಕೀವಾಗಿ ಜ್ವರ. ಅಳಿಯಂದಿರಿಗೆ ಕೆಮ್ಮು, ಅವರನ್ನು ಒಳಗೆ ಬಿಡುವುದಿಲ್ಲ. ಉಳಿದವಳು ನಾನು. ‘ನೀನಲ್ದೆ ಇನ್ಯಾರಮ್ಮ’ ಎಂದೆ ನೀನು.

ಪುಟ್ಟಿ, ನನಗೆ ಹೆದರಿಕೆ. ಏಕೆಂದು ಹೇಳುತ್ತೇನೆ, ನಗಬೇಡ.

ನಾನು ಕೆಲಸ ಮಾಡುವ ಗಿಡದ ಕೋಣೆಗೆ ನೀನೊಮ್ಮೆ ಬಂದಿದ್ದೆಯಲ್ಲ, ಕಿಟಕಿಯೇ ಇಲ್ಲದ್ದು. ಗೋಡೆಯುದ್ದಕ್ಕೂ ಕಬ್ಬಿಣದ ಅಟ್ಟಣಿಗೆ, ಒಂದೊಂದಕ್ಕೂ ಟ್ಯೂಬ್‌ಲೈಟು. ಹಗಲು ಯಾವಾಗ, ರಾತ್ರಿ ಯಾವಾಗ ಎಂದು ಅಲ್ಲಿ ಗಡಿಯಾರ ಹೇಳಿದ ಮಾತೇ ಮಾತು. ಟ್ರೇಗಳ ತುಂಬ ಸಾಸಿವೆ ಜಾತಿಯ ಅಂಗೈಯಗಲದ ಗಿಡಗಳು. ಟ್ರೇ ತೊಳೆಯುವುದು, ಮಣ್ಣು ತುಂಬುವುದು, ನೆಲ ಒರೆಸುವುದು ನನ್ನ ಪಾಲು. ಗಿಡದ ಮೇಲೆ ಸಂಶೋಧನೆ ಮಾಡುವವರು ಮೇಡಂ.

ಈ ಸಲ ಬಾಗಿಲ ಬಳಿಯ ಸಾಲೊಂದೇ ಗಿಡ್ಡವಾಗಿ ಉಳಿಯಿತು. ಬೇರೆಯವೆಲ್ಲ ದಂಟು ಎತ್ತಿ ಹೂ ಬಿಟ್ಟರೆ ಇವು ಮಣ್ಣಿಗೆ ಅಂಟಿಕೊಂಡು, ಬೈಸಿಕೊಂಡ ಮಕ್ಕಳ ಹಾಗೆ ಕೂತಿದ್ದವು. ಬಾಗಿಲ ಸಂದಿಯ ಗಾಳಿ ಇರಬೇಕೆಂದು ಮೇಡಂ ಸಂದಿಗೆ ಪಟ್ಟಿ ಅಂಟಿಸಿದರು. ಟ್ಯೂಬು ಬದಲಾಯಿಸಿದರು. ನೀರು ನೋಡಿಕೊಳ್ಳುವವನನ್ನು ನಾವು ಪೈಪಣ್ಣ ಎನ್ನುತ್ತೇವೆ. ಅವನನ್ನು ಕರೆದು ಕೇಳಿದರು. ‘ನನ್ನ ನೀರಿಗೆ ಬಾಗ್ಲು ಯಾವ್ದು, ಗೋಡೆ ಯಾವ್ದು ಅಂತ ಗೊತ್ತಿಲ್ಲ ಮೇಡಂ’ ಎಂದು ಅವನು ಕೈ ತೊಳೆದುಕೊಂಡ.

ಒಂದು ಬೆಳಿಗ್ಗೆ ಮೇಡಂ ಬಾಗಿಲ ಗಾಜಿನಿಂದ ನನ್ನನ್ನು ನೋಡಿದರು. ನಾನೇನು ಮಾಡುತ್ತಿದ್ದೆ? ದಿನವೂ ಮಾಡುವುದೇ. ಬ್ಯಾಗು ಇಡುವ ಮೊದಲೇ ಆ ಸಾಲಿನ ಒಂದೊಂದು ಗಿಡದ ಎಲೆಯನ್ನೂ ಬೆರಳಲ್ಲಿ ಎತ್ತಿ, ಸವರಿ, ಬಾಡಿದೆಯೋ, ಉಸಿರಿದೆಯೋ ಎಂದು ನೋಡುವುದು. ಒಳಗಿನ ಸಾಲುಗಳ ಹತ್ತಿರ ವೈರು ಕಾಲಿಗೆ ತೊಡರುತ್ತದೆಂದು ಹೋಗುತ್ತಿರಲಿಲ್ಲ. ನೋಡೆಂದು ಯಾರೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ನೋಡದಿದ್ದರೆ ನನಗೆ ಬೇರೆ ಕೆಲಸಕ್ಕೆ ಕೈ ಹೋಗುವುದಿಲ್ಲ. ನನ್ನ ಸ್ವಭಾವ ನಿನಗೆ ಹೊಸದೇ?

ಮೇಡಂ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಸ್ಟೂಲಿನ ಮೇಲೆ ಕೂರಿಸಿ ಹೇಳಿದರು: ಗಿಡದ ಮೈಯ ಕಣಕಣದಲ್ಲೂ ಜೀನುಗಳಿವೆಯಂತೆ, ಸಾವಿರಾರು. ಮನೆಯ ಸ್ವಿಚ್ಚುಗಳಿದ್ದ ಹಾಗೆ, ಎಲ್ಲವೂ ಒಟ್ಟಿಗೆ ಉರಿಯುವುದಿಲ್ಲ. ಹಗಲು ಉದ್ದವಾದರೆ ಹೂವಿನದು ಹತ್ತುತ್ತದೆ, ಚಳಿ ಬಿದ್ದರೆ ಚಳಿ ತಡೆಯುವುದು. ಯಾರಾದರೂ ಮುಟ್ಟಿದರೆ ಬಿರುಗಾಳಿ ಬಂತು, ಹುಳ ಬಂತು ಎಂದುಕೊಂಡು ಬೆಳೆಯುವುದನ್ನು ತಗ್ಗಿಸಿ, ಗಟ್ಟಿಯಾಗಿ ನಿಲ್ಲುವುದನ್ನು ಹಚ್ಚಿಕೊಳ್ಳುತ್ತದಂತೆ. ಅಷ್ಟು ಸಣ್ಣ ಎಲೆಯೊಳಗೆ ಯಾರು ಕೂತು ಸ್ವಿಚ್ಚು ಒತ್ತುತ್ತಾರೆ ಎಂದು ಕೇಳಿದೆ. ಯಾರೂ ಇಲ್ಲ, ಹೊರಗಿನಿಂದ ಬಂದ ಸುದ್ದಿಯೇ ಒತ್ತುತ್ತದೆ ಎಂದರು. ಅಂದರೆ ನಾನು ದಿನ ಬೆಳಗಾದರೆ ಆ ಬಡಪಾಯಿಗಳಿಗೆ ಬಿರುಗಾಳಿಯ ಸುದ್ದಿ ಮುಟ್ಟಿಸುತ್ತಿದ್ದೆ, ಪುಟ್ಟಿ. ಅಕ್ಕರೆ ಅಂದುಕೊಂಡು.

ಪೈಪಣ್ಣ ಅಲ್ಲೇ ನಿಂತಿದ್ದ. ‘ಅಕ್ಕಾ, ನಿಮ್ಮ ಮಗಳೂ ಕುಳ್ಳಿ ಅಲ್ವಾ? ಈಗ ಗೊತ್ತಾಯ್ತು ಬಿಡಿ’ ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಟ್ರೇ ತೊಳೆಯುವಾಗ ಆ ಮಾತು ಒಳಗಿಳಿಯಿತು. ನಿಮ್ಮಪ್ಪನ ಕಡೆಯವರೆಲ್ಲ ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ನೀನು? ನಿದ್ದೆಯಲ್ಲಿ ನಿನ್ನ ಎದೆ ಮೇಲೆ ಕೈಯಿಟ್ಟು ಉಸಿರು ನೋಡುತ್ತಿದ್ದೆ. ದೊಡ್ಡವಳಾದ ಮೇಲೆ ನೀನು ಕಣ್ಣು ಬಿಡದೆಯೇ ಹೇಳುತ್ತಿದ್ದೆ, ‘ಬದುಕಿದ್ದೀನಿ ಬಿಡಮ್ಮ’ ಎಂದು.

ಕೂಸು ಮೊದಲೇ ಅಂಗೈಯಷ್ಟು. ನನ್ನ ಕೈ ಅದಕ್ಕೆ ಏನು ಸುದ್ದಿ ಮುಟ್ಟಿಸೀತು? ಬೆಳೆಯಬೇಡ, ಗಾಳಿ ಬಂತು, ಬಿಗಿಯಾಗಿ ಹಿಡಿದುಕೋ ಎಂದರೆ? ಆ ಜೀವಕ್ಕೆ ಈಗ ಬೆಳೆಯುವುದೊಂದೇ ಕೆಲಸ.

ಮೇಡಂಗೆ ಹೇಳಿದೆ. ಹೇಳದೆ ಇರಲಾಗಲಿಲ್ಲ, ಟ್ರೇಯ ನೀರಿಗಿಂತ ಕಣ್ಣ ನೀರೇ ಹೆಚ್ಚಾಗಿತ್ತು. ‘ಗಿಡ ಬೇರೆ, ಮಗು ಬೇರೆ ಅಮ್ಮ. ಗಿಡ ಮುಟ್ಟಿದ್ರೆ ತಗ್ಗುತ್ತೆ, ಮಗು ಮುಟ್ಟಿದ್ರೆ ಬೆಳೆಯುತ್ತೆ. ಹೋಗಿ ಎತ್ಕೊಳ್ಳಿ’ ಎಂದರು. ಫ್ಯಾನು ತಂದು ಎರಡೂ ಬಗೆಯ ಗಿಡಗಳ ಮುಂದೆ ಹಾಕಿ ತೋರಿಸಿದರು. ಎತ್ತರದವು ಅಡ್ಡ ಬಿದ್ದವು, ನನ್ನವು ಜಗ್ಗಲಿಲ್ಲ. ನಿಂತದ್ದೇನೋ ನಿಜ, ಹೂವು ತಡವಾಯಿತಲ್ಲ ಎಂದೆ. ಮೇಡಂ ನಿಟ್ಟುಸಿರು ಬಿಟ್ಟು ರಜೆ ಕೊಟ್ಟರು. ರಜೆ ಸಿಗಲಿಲ್ಲವೆಂದು ನೆವ ಹೇಳಲೂ ದಾರಿ ಉಳಿಸಲಿಲ್ಲ ಪುಣ್ಯಾತ್ಗಿತ್ತಿ.

ಅವರು ಓದಿದವರು, ಸುಳ್ಳೇಕೆ ಹೇಳುತ್ತಾರೆ? ಆದರೆ ಅವರು ಹೆದರದೆ ಮುಟ್ಟುವವರು, ನಾನು ಹೆದರಿಕೊಂಡೇ ಮುಟ್ಟುವವಳು. ಕೂಸಿಗೆ ಮುಟ್ಟಿದ್ದು ತಿಳಿಯುತ್ತದೋ, ಮುಟ್ಟಿದವಳ ಹೆದರಿಕೆ ತಿಳಿಯುತ್ತದೋ? ಇದನ್ನು ಕೇಳೋಣವೆಂದರೆ ಮೇಡಂ ಊಟಕ್ಕೆ ಹೋಗಿದ್ದಾರೆ.

ಹಳೆಯ ಮೆತ್ತನೆ ಬಟ್ಟೆಗಳನ್ನು ಕುದಿಸಿ, ಒಣಗಿಸಿ ಇಟ್ಟಿದ್ದೇನೆ. ನೀನು ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೋ, ಗಾಯಕ್ಕೆ ನೀರು ತಾಗಿಸಬೇಡ, ಅಳಿಯಂದಿರಿಗೆ ಬಿಸಿನೀರು ಕುಡಿಯಲು ಹೇಳು. ಪೈಪಣ್ಣ ಮನೆಗೆ ಹೋಗುವ ದಾರಿಯಲ್ಲೇ ನಿಮ್ಮ ಆಸ್ಪತ್ರೆ. ಸಂಜೆ ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ನನ್ನ ಆಯಸ್ಸು ಎಷ್ಟು ಮಿಕ್ಕಿದೆಯೋ ಅದರಲ್ಲಿ ನಿನಗರ್ಧ, ಕೂಸಿಗರ್ಧ. ಇಬ್ಬರೂ ತಣ್ಣಗಿರಿ.

ನಿನ್ನ
ಅಮ್ಮ

ಮತ್ತೆ: ಬರೆದದ್ದನ್ನು ಓದಿಕೊಂಡೆ. ಬರಲಿಲ್ಲ ಎಂದು ಬರೆದಿದ್ದೇನೆ, ಅದು ಸುಳ್ಳು. ಭಾನುವಾರ ಬಂದಿದ್ದೆ. ಗಾಜಿನ ಕೋಣೆಯ ಹೊರಗೆ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದೆ. ಕೂಸನ್ನೂ ನೋಡಿದೆ, ಟೋಪಿ ಕಣ್ಣಿನ ಮೇಲೆ ಜಾರಿತ್ತು, ಸರಿಮಾಡುವವರು ಯಾರೂ ಇರಲಿಲ್ಲ. ಪಕ್ಕದ ವಾರ್ಡಿನ ಬಾಗಿಲು ಅರ್ಧ ತೆರೆದಿತ್ತು. ನೀನು ನರ್ಸನ್ನು ಕೇಳಿದೆ, ‘ಸಿಸ್ಟರ್, ನಮ್ಮಮ್ಮ ಬಂದ್ರಾ?’

‘ಇಲ್ಲಮ್ಮ, ಯಾರೂ ಬಂದಿಲ್ಲ.’

ಒದ್ದೆ ಕೈ ಹಿಡಿದುಕೊಂಡು ನಾನು ಬಾಗಿಲ ಈಚೆಗೇ ನಿಂತಿದ್ದೆ. ನೀನು ಮಗ್ಗುಲು ಬದಲಿಸಿದ್ದು ಮಂಚದ ಸದ್ದಿನಿಂದ ತಿಳಿಯಿತು. ಮೆಟ್ಟಿಲಿಳಿದು ಬಂದುಬಿಟ್ಟೆ.

ನಾಳೆ ಬೆಳಿಗ್ಗೆ ಬರುತ್ತೇನೆ. ಹೀಗೆ ಬರೆದೆನೆಂದು ನಂಬಿಕೊಂಡು ಕೂರಬೇಡ. ನರ್ಸಿಗೆ ಹೇಳಿಡು: ಮುದುಕಿಯೊಬ್ಬಳು ಬಹಳ ಹೊತ್ತು ಕೈ ತೊಳೆಯುತ್ತಲೇ ನಿಂತಿದ್ದರೆ, ಏನೂ ಕೇಳಬೇಡಿ, ತೋಳು ಹಿಡಿದು ಒಳಗೆ ಎಳೆದುಕೊಳ್ಳಿ ಎಂದು.